ಇಷ್ಟು ಯಾಕೆ ಎಂದು ಕೇಳುವವರು ಬೇಕು

ಪ್ರಶ್ನೆ: ನನಗೆ ನಲವತ್ತೊಂಬತ್ತು ವರ್ಷ. ಕಾರಟಗಿಯಲ್ಲಿ ಅಕ್ಕಿ ಗಿರಣಿ ಇದೆ, ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ದಲಾಲಿ ಅಂಗಡಿಯೂ ಇದೆ. ಹೋದ ವರ್ಷ ದೊಡ್ಡ ಮನೆ ಕಟ್ಟಿಸಿದೆ. ಮಗಳ ಓದಿಗಾಗಿ ಹೆಂಡತಿ ಬೆಂಗಳೂರಿನಲ್ಲಿದ್ದಾಳೆ. ಗಂಜಿನಲ್ಲಿ ಎಲ್ಲರೂ 'ಸಾಹುಕಾರರೇ' ಎಂದು ಕೈ ಮುಗಿಯುತ್ತಾರೆ, ರಾತ್ರಿ ಮನೆಗೆ ಬಂದರೆ ಮಾತನಾಡಲು ಯಾರೂ ಇಲ್ಲ. ಗಂಗಾವತಿಯಲ್ಲಿ ಒಂದು ಗಿರಣಿ ಮಾರಾಟಕ್ಕಿದೆ. ಬ್ಯಾಂಕಿನವರು ಸಾಲ ಕೊಡುತ್ತಾರೆ, ಪಾಲುದಾರರು ಅವಸರ ಮಾಡುತ್ತಿದ್ದಾರೆ. ಕೊಂಡರೆ ಕೆಲಸದಲ್ಲಾದರೂ ಮುಳುಗಿರಬಹುದು ಎನಿಸುತ್ತದೆ. ಮರುದಿನವೇ ಎಲ್ಲ ಬಿಟ್ಟು ಯಾವುದಾದರೂ ಮಠದಲ್ಲಿ ಇದ್ದುಬಿಡೋಣ ಎನಿಸುತ್ತದೆ. ಬಳ್ಳಾರಿಯಲ್ಲಿ ಕಾಲೇಜು ಓದುವಾಗ ವಚನ, ಕವಿತೆ ಎಂದರೆ ಪ್ರಾಣ. ಈಗ ಪುಸ್ತಕ ಹಿಡಿದರೂ ಮನಸ್ಸಿಗೆ ಏನೂ ಇಳಿಯುವುದಿಲ್ಲ. ಏನು ಮಾಡಲಿ?

ಉತ್ತರ: ಎರಡನೆಯ ಗಿರಣಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ರಾತ್ರಿಯ ಬೇಸರ ಕಳೆಯುವುದಕ್ಕೆಂದು ಮಾತ್ರ ಕೊಳ್ಳಬೇಡಿ, ಒಬ್ಬರೇ ಕುಳಿತು ನಿರ್ಧರಿಸಲೂ ಬೇಡಿ. ನಿಮ್ಮ ಪತ್ರದಲ್ಲಿ ಬ್ಯಾಂಕಿನವರ ಮಾತಿದೆ, ಪಾಲುದಾರರ ಮಾತಿದೆ. ನಿಮ್ಮ ಮನೆಯವರು ಏನೆಂದರು ಎಂಬುದು ಎಲ್ಲೂ ಇಲ್ಲ. ನೀವು ಅವರನ್ನು ಇನ್ನೂ ಕೇಳಿಲ್ಲ ಎಂದೇ ನನಗೆ ಅನಿಸುತ್ತದೆ.

ವಚನಗಳನ್ನು ಪ್ರೀತಿಸಿದವರಾದ್ದರಿಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಿಮಗೆ ಗೊತ್ತಿರಲೇಬೇಕು. ಹನ್ನೆರಡನೆಯ ಶತಮಾನದ ಆ ದಂಪತಿ ನಮ್ಮ ಸೀಮೆಯವರೇ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದವಳೇ ಕೇಳಿದಳು: 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?' ಅಲ್ಲಿಗೇ ಬಿಡಲಿಲ್ಲ. 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಎಂದು, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳಿಸಿದಳು.

ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ವಂಚಿಸಿ ತಂದದ್ದೂ ಅಲ್ಲ. ನೆಲಕ್ಕೆ ಬಿದ್ದದ್ದನ್ನು ಬೆನ್ನು ಬಗ್ಗಿಸಿ ಆಯ್ದದ್ದು. ಆದರೂ ಲಕ್ಕಮ್ಮ ಪ್ರಶ್ನಿಸಿದಳು, ಏಕೆಂದರೆ ಅಂದಿನ ಒಲೆಗೆ ಎಷ್ಟು ಅಕ್ಕಿ ಬೇಕೆಂಬ ಅಳತೆ ಅವಳ ಕೈಯಲ್ಲಿತ್ತು. ಆಸೆ ಒಳ್ಳೆಯದಲ್ಲವೆಂದು ಉಪದೇಶ ಮಾಡುವವರು ಊರಿಗೆ ನೂರು ಜನ ಸಿಗುತ್ತಾರೆ. ಒಳಗೆ ತಂದು ಇಳಿಸಿದ ಗಂಟನ್ನು ನೋಡಿ ಇದು ಹೆಚ್ಚಾಯಿತು ಎಂದು ಹೇಳಬಲ್ಲವರು ಜೊತೆಯಲ್ಲಿ ಬಾಳುವವರು ಮಾತ್ರ. ನಿಮ್ಮ ಗಂಜಿನಲ್ಲಿ ಭತ್ತದ ದರ ಎಷ್ಟು, ಎಷ್ಟು ಚೀಲ ಬಂತು, ನುಚ್ಚು ಎಷ್ಟು ಹೋಯಿತು, ತೌಡಿಗೆ ಏನು ಸಿಕ್ಕಿತು ಎಂದು ದಿನವಿಡೀ ಕೇಳುವವರಿದ್ದಾರೆ. ಇಷ್ಟು ಯಾಕೆ ಎಂದು ಕೇಳುವವರು ಒಬ್ಬರೂ ಇಲ್ಲ. ನಿಮ್ಮನ್ನು ಕಾಡುತ್ತಿರುವ ಒಂಟಿತನದಲ್ಲಿ ಇದರ ಪಾಲು ದೊಡ್ಡದೆಂದು ನಾನು ನಂಬುತ್ತೇನೆ.

ಹಾಗೆಂದು ಮಠಕ್ಕೆ ಓಡಬೇಡಿ. 'ಕಾಯಕವೇ ಕೈಲಾಸ' ಎಂದು ಎಲ್ಲೆಡೆ ಗೋಡೆಗಳ ಮೇಲೆ ಬರೆಯುತ್ತೇವಲ್ಲ, ಆ ಮಾತು ಬಂದದ್ದು ಇದೇ ಮಾರಯ್ಯನ ವಚನದಿಂದ. ಕಾಯಕದಲ್ಲಿ ತೊಡಗಿದ್ದಾಗ ಗುರುವೇ ಎದುರು ಬಂದರೂ ಮರೆಯಬೇಕು ಎಂದವನು ಅವನು. ಅವನು ಮಾತಿನಲ್ಲಿ ಮೈಮರೆತು ಕುಳಿತಾಗ, 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ' ಎಂದು ಎಬ್ಬಿಸಿ ಕಳಿಸಿದವಳೂ ಲಕ್ಕಮ್ಮನೇ. ದುಡಿ ಎನ್ನುವುದೂ ಸಾಕು ಎನ್ನುವುದೂ ಒಂದೇ ಬಾಯಿಂದ ಬಂದಿವೆ. ನಿಮ್ಮ ಗಿರಣಿಯಲ್ಲಿ ಚೀಲ ಹೊರುವ ಹಮಾಲರ ಮನೆಗಳಲ್ಲೂ ಆ ದುಡಿಮೆಯಿಂದಲೇ ಒಲೆ ಉರಿಯುತ್ತದೆ. ಅದನ್ನು ಬಿಟ್ಟುಹೋಗುವುದನ್ನು ವೈರಾಗ್ಯವೆಂದು ನಾನು ಒಪ್ಪಲಾರೆ.

ಮನೆಯ ವಿಷಯಕ್ಕೆ ಬರುತ್ತೇನೆ. ಅಕ್ಕಮಹಾದೇವಿಯ ವಚನವೊಂದನ್ನು ನೆನಪಿಸಿಕೊಳ್ಳಿ. ಹಸಿವಿಗೆ ಊರೊಳಗೆ ಭಿಕ್ಷಾನ್ನ, ಬಾಯಾರಿಕೆಗೆ ಕೆರೆ ಹಳ್ಳ ಬಾವಿ, ಮಲಗಲು ಹಾಳು ದೇಗುಲ. ಈ ಮೂರನ್ನು ಬೇಗ ಬೇಗ ಹೇಳಿ ಮುಗಿಸಿ, 'ಆತ್ಮಸಂಗಾತಕ್ಕೆ ನೀನೆನಗುಂಟು' ಎಂದು ಚೆನ್ನಮಲ್ಲಿಕಾರ್ಜುನನ ಕಡೆಗೆ ತಿರುಗುತ್ತಾಳೆ. ನೀವು ಕಟ್ಟಿಸಿದ್ದು ಮಲಗುವ ಜಾಗ. ಅದರಿಂದಲೇ ಸಂಗಾತವೂ ಸಿಗಬೇಕೆಂದು ಕಾದಿರಿ. ಆದರೆ ಅಕ್ಕ ಎಲ್ಲವನ್ನೂ ಬಿಟ್ಟದ್ದು ತಾನಾಗಿ, ಒಬ್ಬನನ್ನು ಅರಸಿಕೊಂಡು. ನಿಮ್ಮ ಒಂಟಿತನ ನೀವು ಆರಿಸಿಕೊಂಡದ್ದಲ್ಲ. ಆದ್ದರಿಂದ ಅವಳ ದಾರಿ ನಿಮ್ಮದಾಗಬೇಕಿಲ್ಲ. ಅವಳಿಂದ ಕಲಿಯಬೇಕಾದದ್ದು ಯಾವುದನ್ನು ಎಲ್ಲಿ ಕೇಳಬೇಕೆಂಬುದನ್ನು.

ಪುಸ್ತಕ ಹಿಡಿದರೂ ಏನೂ ಇಳಿಯುವುದಿಲ್ಲ ಎಂದಿದ್ದೀರಿ. ಲೆಕ್ಕದ ಪುಸ್ತಕ ಮುಚ್ಚಿ, ಸುಸ್ತಾಗಿ, ಮೌನವಾಗಿ ಓದಿದರೆ ಇಳಿಯುವುದು ಕಷ್ಟವೇ. ವಚನ, ಕೀರ್ತನೆ, ತತ್ವಪದ ಇವೆಲ್ಲ ಬಾಯಿಂದ ಬಾಯಿಗೆ ಬಂದವು, ಇನ್ನೊಬ್ಬರ ಕಿವಿ ಬೇಡುವಂಥವು. ನಮ್ಮ ಕಡೆ ಅಮಾವಾಸ್ಯೆಯ ರಾತ್ರಿ ತತ್ವಪದ ಹಾಡುವ ಭಜನೆಯ ಮೇಳಗಳು ಇಂದಿಗೂ ಉಳಿದಿವೆ. ಒಬ್ಬರು ಏಕತಾರಿ ಮೀಟುತ್ತಾ ಸಾಲು ಎತ್ತುತ್ತಾರೆ, ಉಳಿದವರು ತಾಳ ಹಾಕುತ್ತಾ ಅದನ್ನೇ ತಿರುಗಿ ಹಾಡುತ್ತಾರೆ. ನಿಮ್ಮ ಹಮಾಲರಲ್ಲೇ ಅಂಥ ಹಾಡುಗಾರರು ಇರಬಹುದು, ವಿಚಾರಿಸಿ. ದೇಣಿಗೆ ಕೊಟ್ಟು ಮುಂದಿನ ಕುರ್ಚಿಯಲ್ಲಿ ಕೂರಬೇಡಿ. ಕೆಳಗೆ ಕೂತು ತಾಳ ಹಿಡಿಯಿರಿ. ಅಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಸಿಕ್ಕೇ ಸಿಗುತ್ತಾರೆ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಕಾವ್ಯವನ್ನು ನಂಬಿಕೊಂಡು ಕೂರಬೇಡಿ. ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಗಂಗಾವತಿಯವರಿಗೆ ಒಂದು ತಿಂಗಳು ಸಮಯ ಕೇಳಿ. ಈ ಭಾನುವಾರ ಬೆಂಗಳೂರಿಗೆ ಹೋಗಿ. ಫೋನಿನಲ್ಲಿ ಮುಗಿಸುವ ಮಾತಲ್ಲ ಇದು. ಸಾಲದ ಕಾಗದಗಳನ್ನು ನಿಮ್ಮ ಮನೆಯವರ ಮುಂದಿಟ್ಟು, ಮನೆ ಖಾಲಿ ಅನಿಸುತ್ತಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಿ. ಆ ಖಾಲಿತನ ಅವರಿಗೂ ಇರಬಹುದು, ಕೇಳಿಸಿಕೊಳ್ಳಿ. ಮಗಳ ಓದು ಮುಗಿಯುವವರೆಗೆ ತಿಂಗಳಿಗೆ ಎಷ್ಟು ದಿನ ಒಟ್ಟಿಗಿರಬಹುದೆಂದು ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳಿ. ಇನ್ನೊಂದು ಗಿರಣಿ ಬಂದರೆ ಆ ದಿನಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದನ್ನು ಆಮೇಲೆ ಲೆಕ್ಕ ಹಾಕಿ. ಅಷ್ಟಾದ ಮೇಲೂ ಕೊಳ್ಳೋಣ ಎಂದು ಅವರು ಒಪ್ಪಿದರೆ, ಕೊಳ್ಳಿ.