ಹಳೆಯ ಪಾಮ್‌ಟಾಪ್ ಸಿಕ್ಕಿದೆ, ತೋಟದ ದಿನನಿತ್ಯದ ಲೆಕ್ಕಕ್ಕೆ ಆದೀತೇ?

ಅಜ್ಜನ ಕಪಾಟಿನಲ್ಲಿ ಸಿಕ್ಕಿದ ಪಾಮ್ ಎಂ105 ಎಂಬ ಹಳೆಯ ಕೈಗಣಕವನ್ನು ಕೊಡಗಿನ ನಾಪೋಕ್ಲಿನ ತೋಟದ ಹಾಜರಿ, ಮುಂಗಡ, ಮಳೆಯ ಲೆಕ್ಕಕ್ಕೆ ಬಳಸಬಹುದೇ, 8 ಎಂಬಿ ಸಾಕೇ, ಒಂದು ವಾರ ಬಳಸಿ ನೋಡಿ ತೀರ್ಮಾನಿಸಬಹುದೇ ಎಂದು ಕೇಳಿದ್ದೀರಿ. ಫೋನಿನ ಕಾಟ ಸಾಕಾಗಿದೆ ಎಂದೂ ಬರೆದಿದ್ದೀರಿ. ಈ ಪ್ರಶ್ನೆಗಳನ್ನೇ ನಾನೂ ಕೇಳಿಕೊಂಡಿದ್ದೆ, ಎಲ್ಲದಕ್ಕೂ ಹೌದು ಎಂಬ ಉತ್ತರವೇ ಸಿಕ್ಕಿತ್ತು. ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇತ್ತು. ಅದು ನನಗೆ ಹೊಳೆದದ್ದು ಜುಲೈ ಮಳೆಯಲ್ಲಿ, ಹೊಳೆಯುವ ಹೊತ್ತಿಗೆ ಕಾಲ ಮೀರಿತ್ತು.

2003ರಲ್ಲಿ ನಾನು ಸಿದ್ದಾಪುರದ ಕಡೆಯ ಒಂದು ರೊಬಸ್ಟಾ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಬೆಂಗಳೂರಿನಲ್ಲಿದ್ದ ಭಾವ ತಾವು ಬಳಸಿ ಬಿಟ್ಟಿದ್ದ ಪಾಮ್‌ಟಾಪ್ ಒಂದನ್ನು ಕೊಟ್ಟರು. ಆಗ ಪಾಮ್ ಓಎಸ್ ಎಂಬ ಮೂಲ ತಂತ್ರಾಂಶದ ಮೇಲೆ ನಡೆಯುವ ಉಪಕರಣಗಳನ್ನು ಪಾಮ್ ಅಲ್ಲದೆ ಹ್ಯಾಂಡ್‌ಸ್ಪ್ರಿಂಗ್, ಸೋನಿಯಂತಹ ಕಂಪನಿಗಳೂ ಮಾಡುತ್ತಿದ್ದವು. ನನ್ನದು ಯಾವುದು ಎಂದು ಹೇಳುವುದಿಲ್ಲ, ಆದದ್ದಕ್ಕೆ ಅದನ್ನು ಮಾಡಿದವರು ಹೊಣೆಯಲ್ಲ. ಕಪ್ಪುಬಿಳುಪು ಪರದೆ, 2 ಎಂಬಿ ಮೆಮೊರಿ, ಒಳಗೇ ಕೂರಿಸಿದ ಚಾರ್ಜ್ ಮಾಡುವ ಬ್ಯಾಟರಿ. ನಿಮ್ಮದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವೆಂದರೆ ಈ ಬ್ಯಾಟರಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಹಣ್ಣು ಕೊಯ್ಲಿನ ಕಾಲದಲ್ಲಿ ಅದನ್ನು ಪರೀಕ್ಷಿಸಿದೆ, ಚೆನ್ನಾಗಿಯೇ ಪರೀಕ್ಷಿಸಿದೆ. ಸಂಜೆ ಕಣದ ಬಳಿ ಚೀಲಗಳು ಸಾಲಾಗಿ ಬಂದು ಕೂರುತ್ತವೆ, ಮೇಸ್ತ್ರಿ ತೂಕ ಕೂಗುತ್ತಾನೆ, ರೈಟರ್ ಹೆಸರಿನ ಮುಂದೆ ಕಿಲೋ ಬರೆಯಬೇಕು. ಪಾಮ್ ಓಎಸ್‌ನ ಗ್ರಾಫಿಟಿ ಎಂಬ ಬರವಣಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಕಡ್ಡಿಯಿಂದ ಎಡಗಡೆಯ ಚೌಕದಲ್ಲಿ ಅಕ್ಷರ, ಬಲಗಡೆಯ ಚೌಕದಲ್ಲಿ ಅಂಕಿ. ಹೆಸರನ್ನು ಒತ್ತಿ, ಬಲಗಡೆ ಅಂಕಿ ಗೀಚಿದರೆ ಮುಗಿಯಿತು. ಗುಂಡಿ ಒತ್ತಿದ ಕ್ಷಣ ಪರದೆ ಮೂಡುತ್ತಿತ್ತು, ಕಾಯುವ ಮಾತೇ ಇಲ್ಲ. ಬಿಸಿಲಿನಲ್ಲಿ ಅಕ್ಷರ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು, ಏಕೆಂದರೆ ಆ ಪರದೆ ಹೊರಗಿನ ಬೆಳಕನ್ನೇ ಮರಳಿಸಿ ತೋರಿಸುವ ಬಗೆಯದು. ಒತ್ತಡಕ್ಕೆ ಸ್ಪಂದಿಸುವ ಪರದೆಯಾದ್ದರಿಂದ ಉಗುರಿನಿಂದಲೂ ಬರೆಯಬಹುದಿತ್ತು, ಬೆರಳು ಒದ್ದೆಯಾಗಿದ್ದರೂ ನಡೆಯುತ್ತಿತ್ತು. ಈಗಿನ ಫೋನಿನ ಪರದೆಯ ಮೇಲೆ ನಾಲ್ಕು ಮಳೆಹನಿ ಬಿದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆ. ಮಾರ್ಚಿನ ಹೂಮಳೆ ಬಂದಾಗ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕವನ್ನೂ ಅದರಲ್ಲೇ ಬರೆದೆ. ರಾತ್ರಿ ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸಿದ ತೊಟ್ಟಿಲಿನಂತಹ ಪೀಠದಲ್ಲಿಟ್ಟು ಹಾಟ್‌ಸಿಂಕ್ ಗುಂಡಿ ಒತ್ತಿದರೆ ಎಲ್ಲವೂ ಕಂಪ್ಯೂಟರಿಗೆ ಇಳಿಯುತ್ತಿತ್ತು. ನಾನು ಅದಕ್ಕೆ ಮನಸೋತೆ. ಹಾಜರಿ ಪುಸ್ತಕವನ್ನೂ ಮುಂಗಡದ ಪುಸ್ತಕವನ್ನೂ ಮುಚ್ಚಿ ಕಪಾಟಿನಲ್ಲಿಟ್ಟೆ.

ಇಲ್ಲಿ ನಿಧಾನವಾಗಿ ಹೇಳಬೇಕು, ಏಕೆಂದರೆ ನೀವು ಮಾಡಹೊರಟಿರುವುದೂ ಇದನ್ನೇ.

ಈಗಿನ ಫೋನಿನಲ್ಲಿ ನಾವು ಬರೆದದ್ದು ಫ್ಲಾಷ್ ಮೆಮೊರಿಗೆ ಹೋಗುತ್ತದೆ, ಬ್ಯಾಟರಿ ತೀರಿದರೂ ಅಲ್ಲೇ ಇರುತ್ತದೆ. ಆ ಕಾಲದ ಪಾಮ್‌ಟಾಪ್‌ಗಳಲ್ಲಿ ಹಾಗಿರಲಿಲ್ಲ. ಕಾರ್ಖಾನೆಯಲ್ಲಿ ತುಂಬಿದ ತಂತ್ರಾಂಶ ಮಾತ್ರ ಅಳಿಯದ ಚಿಪ್‌ನಲ್ಲಿ ಇರುತ್ತಿತ್ತು. ನಾವು ಬರೆದ ಹೆಸರು, ಅಂಕಿ, ದಿನಚರಿ ಎಲ್ಲವೂ ರ‍್ಯಾಮ್‌ನಲ್ಲಿ. ರ‍್ಯಾಮ್‌ಗೆ ವಿದ್ಯುತ್ ಎಡೆಬಿಡದೆ ಹರಿಯುತ್ತಿರಬೇಕು. ಪರದೆ ಆರಿಸಿದಾಗಲೂ ಒಳಗೆ ಸಣ್ಣ ಪ್ರವಾಹ ನಡೆಯುತ್ತಲೇ ಇರುತ್ತದೆ, ಗುಂಡಿ ಒತ್ತಿದ ತಕ್ಷಣ ಎಲ್ಲವೂ ಇದ್ದಲ್ಲೇ ಕಾಣುವುದಕ್ಕೂ ಅದೇ ಕಾರಣ. ಬ್ಯಾಟರಿ ಇಳಿಯುತ್ತಾ ಬಂದಾಗ ಉಪಕರಣ ಮೊದಲು ಪರದೆ ಮೂಡಿಸುವುದನ್ನು ನಿಲ್ಲಿಸುತ್ತದೆ. ಉಳಿದಿರುವ ಅಷ್ಟಿಷ್ಟು ಶಕ್ತಿಯನ್ನು ಮೆಮೊರಿಗಾಗಿ ಕಾಯ್ದಿಡುತ್ತದೆ. ನಾನು ಎಡವಿದ್ದು ಇಲ್ಲಿ. ಪರದೆ ಮೂಡದ ಉಪಕರಣವನ್ನು ಬೀಗ ಹಾಕಿದ ಪೆಟ್ಟಿಗೆ ಎಂದುಕೊಂಡೆ, ಒಳಗಿನದು ಕರೆಂಟ್ ಬರುವವರೆಗೆ ಭದ್ರ ಎಂದು ಸಮಾಧಾನ ಮಾಡಿಕೊಂಡೆ. ನಿಜದಲ್ಲಿ ಆಗ ಒಳಗಿನ ಲೆಕ್ಕ ಗಂಟೆ ಗಂಟೆಗೂ ಸಾವಿಗೆ ಹತ್ತಿರವಾಗುತ್ತಿತ್ತು.

ಹಾಗಾದರೆ ಕಂಪ್ಯೂಟರಿನಲ್ಲಿ ಪ್ರತಿ ಇರಲಿಲ್ಲವೇ? ಇತ್ತು, ಆದರೆ ಹಳೆಯದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮ್ಮಲ್ಲಿ ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ತೋಟದಲ್ಲಿ ಸಿಡಿಲಿಗೆ ಟಿವಿ, ಫೋನ್ ಎರಡೂ ಸುಟ್ಟವು. ಮಾಲೀಕರು ಕಚೇರಿಯ ಕಂಪ್ಯೂಟರಿನ ವಯರ್‌ಗಳನ್ನು ಗೋಡೆಯಿಂದ ಕಿತ್ತಿಡಲು ಹೇಳಿದರು, ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಹಾಟ್‌ಸಿಂಕ್ ಮಾಡುವುದನ್ನು ಮುಂದೂಡಿದೆ. ಜೂನ್‌ನಲ್ಲಿ ಮಳೆ ಹಿಡಿಯಿತು, ಕರೆಂಟ್ ಬಂದು ಹೋಗುತ್ತಿತ್ತು, ಬಂದಾಗ ಪಾಮ್‌ಟಾಪ್ ಚಾರ್ಜ್ ಆಗುತ್ತಿತ್ತು, ಅದೇ ಸಾಕೆನಿಸಿತು. ಜುಲೈನಲ್ಲಿ ಮರ ಬಿದ್ದು ಕಂಬಗಳು ಮುರಿದ ಮೇಲೆ ನಮ್ಮ ಲೈನ್‌ಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ದಾರಿ ಇರಲಿಲ್ಲವೆಂದಲ್ಲ. ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡುವ ವಯರ್ ಮೈಸೂರಿನಲ್ಲಿ ಸಿಗುತ್ತಿತ್ತು, ಜನರೇಟರ್ ಇದ್ದ ಮನೆಗಳು ಅದೇ ದಾರಿಯಲ್ಲಿದ್ದವು. ಪರದೆ ಮೂಡುವುದಿಲ್ಲ ಅಷ್ಟೇ, ಲೆಕ್ಕ ಒಳಗಿದೆ ಎಂದು ನಂಬಿ ಅದನ್ನು ಒಣಗಿದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ.

ಕರೆಂಟ್ ಬಂದ ದಿನ ಚಾರ್ಜರ್ ಹಾಕಿದೆ. ಪರದೆ ಮೂಡಿತು, ಮೂಲೆಯಲ್ಲಿರುವ ಗುರುತನ್ನು ಕಡ್ಡಿಯಿಂದ ಒತ್ತಿ ಎಂದು ಕೇಳಿತು. ಹೊಸದಾಗಿ ಕೊಂಡವರನ್ನು ಅದು ಕೇಳುವ ಮೊದಲ ಮಾತು ಅದು.

ಹೋದದ್ದು ಮಳೆಯ ಅಂಕಿಗಳು ಮಾತ್ರವಾಗಿದ್ದರೆ ಪಕ್ಕದ ತೋಟದಿಂದ ಬರೆದುಕೊಂಡು ಬರುತ್ತಿದ್ದೆ. ಹಾಜರಿ ಹೋಯಿತು, ಅದಕ್ಕಿಂತ ಮುಖ್ಯವಾಗಿ ಮುಂಗಡದ ಲೆಕ್ಕ ಹೋಯಿತು. ಮಳೆಗಾಲದಲ್ಲಿ ಕೆಲಸ ಕಡಿಮೆ, ಖರ್ಚು ಹೆಚ್ಚು. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಮಕ್ಕಳಿಗೆ ಪುಸ್ತಕ, ಕೊಡೆ ಬೇಕು, ಮನೆಗೆ ಅಕ್ಕಿ ಬೇಕು. ಲೈನ್ ಮನೆಯ, ಅಂದರೆ ಕೆಲಸದವರ ಸಾಲುಮನೆಯ, ಪ್ರತಿ ಕುಟುಂಬವೂ ಮುಂಗಡ ಪಡೆಯುವುದು ಆಗಲೇ, ತೀರಿಸುವುದು ಕೊಯ್ಲಿನ ಬಟವಾಡೆಯಲ್ಲಿ. ಹಿಂದೆ ಹಣ ಕೊಟ್ಟಾಗಲೆಲ್ಲ ಪುಸ್ತಕದಲ್ಲಿ ಹೆಬ್ಬೆಟ್ಟು ಅಥವಾ ಸಹಿ ಇರುತ್ತಿತ್ತು. ಪಾಮ್‌ಟಾಪ್ ಬಂದ ಮೇಲೆ ನಾನೇ ಗೀಚಿಕೊಳ್ಳುತ್ತಿದ್ದೆ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ, ಏಕೆಂದರೆ ಅದರಲ್ಲಿ ಕನ್ನಡ ಬರೆಯಲು ಆಗುತ್ತಿರಲಿಲ್ಲ. ಮೇಸ್ತ್ರಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಕೆಲಸದವರಿಗಂತೂ ಪರದೆ ತೋರಿಸಿದವನೇ ಅಲ್ಲ. ಲೆಕ್ಕ ಅವರದು, ನೋಡಬಲ್ಲವನು ನಾನೊಬ್ಬನೇ. ಎರಡನೆಯ ಸಾಕ್ಷಿಯೇ ಇಲ್ಲದ ಲೆಕ್ಕವನ್ನು ತಿಂಗಳುಗಟ್ಟಲೆ ನಡೆಸಿದ್ದೆ.

ಎಲ್ಲರನ್ನೂ ಕರೆದು ಕೇಳಬೇಕಾಯಿತು. ನನ್ನ ನೆನಪಿಗಿಂತ ಹೆಚ್ಚು ಹೇಳಿದವರಿದ್ದರು, ಕಡಿಮೆ ಹೇಳಿದವರೂ ಇದ್ದರು. ಒಬ್ಬ ಕೆಲಸಗಾರ್ತಿಯ ಮಗ ಏಳನೆಯ ತರಗತಿಯಲ್ಲಿದ್ದ. ಅವಳು ಅವನ ನೋಟ್‌ಪುಸ್ತಕ ತಂದು ಕೊನೆಯ ಹಾಳೆ ತೆರೆದಳು. ತಾಯಿ ಪಡೆದ ಪ್ರತಿ ಮುಂಗಡವನ್ನೂ ಹುಡುಗ ತಾರೀಕು ಹಾಕಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದ. "ಇದರಲ್ಲಿ ಇದ್ದಷ್ಟು ಹಿಡಿದುಕೊಳ್ಳಿ ರೈಟರೇ" ಎಂದಳು. ಆ ಇಡೀ ತೋಟದಲ್ಲಿ ನಂಬಬಹುದಾದ ಲೆಕ್ಕವೆಂದು ಉಳಿದದ್ದು ಅದೊಂದೇ. ಇನ್ನೊಂದು ಕುಟುಂಬದೊಡನೆ ಮಾತು ಬೆಳೆಯಿತು. ಅವರು ಹೇಳಿದ ಮೊತ್ತವನ್ನು ನಾನು ಒಪ್ಪಲಿಲ್ಲ, ಒಪ್ಪದಿರಲು ನನ್ನ ಬಳಿ ಆಧಾರವೂ ಇರಲಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲೇ ಅವರು ಲೈನ್ ಮನೆ ಖಾಲಿ ಮಾಡಿ ಬೇರೆ ತೋಟಕ್ಕೆ ಹೋದರು. ಮಾಲೀಕರು ಬೈಯಲಿಲ್ಲ. ಬಟವಾಡೆಯ ಕೆಲಸವನ್ನು ನನ್ನಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು. ಹಣದ ನಷ್ಟವನ್ನು ಸಂಬಳದಲ್ಲಿ ತೀರಿಸಿದೆ. ಆ ಕುಟುಂಬ ಸುಳ್ಳು ಹೇಳಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಅದನ್ನು ಅವರಿಗೆ ಹೇಳುವ ಅವಕಾಶ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 8 ಎಂಬಿ ಬೇಕಾದಷ್ಟಾಯಿತು, ಬರಿಯ ಅಕ್ಷರ ಅಂಕಿಗಳಿಗೆ 2 ಎಂಬಿಯೇ ಹೆಚ್ಚು. ಒಂದು ವಾರದ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಫೆಬ್ರುವರಿಯ ಒಂದು ವಾರದಲ್ಲಿ ಕೊಡಗಿನಲ್ಲಿ ಯಾವ ಉಪಕರಣವೂ ಸೋಲುವುದಿಲ್ಲ. ಪರೀಕ್ಷಿಸುವುದಾದರೆ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಪರೀಕ್ಷಿಸಿ. ಚರ್ಮದ ಚೀಲಕ್ಕೆ ಬೂಸ್ಟು ಹಿಡಿಯುವ, ಒಲೆಯ ಮೇಲೆ ಬಟ್ಟೆ ಒಣಗಿಸುವ ದಿನಗಳಲ್ಲಿ ಅದು ಜೇಬಿನಲ್ಲಿ ಹೇಗಿರುತ್ತದೆ, ಕರೆಂಟ್ ಇಲ್ಲದೆ ಎಷ್ಟು ಕಾಲ ತಡೆಯುತ್ತದೆ ಎಂದು ನೋಡಿ. ಮೆಮೊರಿಯನ್ನು ಬೇಕೆಂದೇ ಒಮ್ಮೆ ಖಾಲಿಯಾಗಲು ಬಿಟ್ಟು, ಎಲ್ಲವನ್ನೂ ಮರಳಿ ತುಂಬಲು ನಿಮಗೆ ಆಗುತ್ತದೆಯೇ ಎಂದು ತಿಳಿದುಕೊಳ್ಳಿ. ಅಂಗಡಿಯವರೂ ಪತ್ರಿಕೆಗಳ ವಿಮರ್ಶಕರೂ ವೇಗ, ಪರದೆ, ತೂಕ ಎಂದು ಹೇಳುತ್ತಾರೆ. ದಿನನಿತ್ಯ ಎಂಬುದರಲ್ಲಿ ಕೆಟ್ಟ ದಿನಗಳೂ ಸೇರಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಈ ಜಿಲ್ಲೆಯಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂದು ನಿಮ್ಮ ಮನೆಯ ಹಿರಿಯರನ್ನೇ ಕೇಳಿ ನೋಡಿ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಬೇರೆಯವರ ಹಣದ ಲೆಕ್ಕವನ್ನು, ಅವರು ಓದಲಾಗದ ಉಪಕರಣದಲ್ಲಿ ಮಾತ್ರ ಇಡಬೇಡಿ. ಪಾಮ್ ಆಗಲಿ, ಫೋನ್ ಆಗಲಿ, ಈ ಮಾತು ಬದಲಾಗುವುದಿಲ್ಲ. ಈ ತೊಂದರೆಯನ್ನು ಮೊದಲೇ ಯೋಚಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಇಂತಹದೇ ಕೈಗಣಕ. ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡಬೇಕು, ಓದು ಬಾರದವರಿಗೆ ಓದಿ ಹೇಳಬೇಕು ಎಂಬುದು ಅದರ ಗುರಿ. ಒಂದೇ ಉಪಕರಣವನ್ನು ಹಲವರು ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ತಮ್ಮದೇ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳುವ ಏರ್ಪಾಡು ಅದರಲ್ಲಿತ್ತು. ತನ್ನ ಲೆಕ್ಕ ತನ್ನ ಕೈಯಲ್ಲಿ! 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು, ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ನನಗೆ ಇದು ಇಂದಿಗೂ ಬೇಸರದ ವಿಷಯ.

ಫೋನಿನಿಂದ ದೂರವಿರಬೇಕು ಎಂಬ ನಿಮ್ಮ ಆಸೆ ಒಳ್ಳೆಯದು, ಅದಕ್ಕೆ ಎಂ105 ಒಳ್ಳೆಯ ಜೊತೆಗಾರ. ಗೋಣಿಕೊಪ್ಪದ ಸಂತೆಯ ಪಟ್ಟಿ, ಮಳೆಯ ಇಂಚು ಸೆಂಟ್, ಯಾವ ಬ್ಲಾಕಿಗೆ ಯಾವಾಗ ಗೊಬ್ಬರ ಹಾಕಿದ್ದು, ಯಾವ ಮರದ ಮೆಣಸಿನ ಬಳ್ಳಿ ಸೊರಗಿದೆ ಎಂಬುದನ್ನೆಲ್ಲ ನೆಮ್ಮದಿಯಾಗಿ ಅದರಲ್ಲಿ ಬರೆಯಿರಿ. ಹಾಜರಿಯನ್ನು ಅದರಲ್ಲಿ ಗುರುತು ಮಾಡಿಕೊಂಡರೂ ಅದೇ ಸಂಜೆ ಪುಸ್ತಕಕ್ಕೆ ಇಳಿಸಿ. ಮುಂಗಡ ಕೊಟ್ಟರೆ ಕನ್ನಡದಲ್ಲಿ ಬರೆದ ಚೀಟಿಯೊಂದು ಪಡೆದವರ ಕೈಗೆ ಹೋಗಲಿ.

ನಿಮ್ಮ ಉಪಕರಣದಲ್ಲೂ ಬರೆದದ್ದೆಲ್ಲ ರ‍್ಯಾಮ್‌ನಲ್ಲೇ ಇರುತ್ತದೆ. ಪಾಮ್‌ನಲ್ಲಿ ಅಳಿಯದ ಮೆಮೊರಿ ಬಂದದ್ದು 2004–05ರ ಟಂಗ್‌ಸ್ಟನ್ ಟಿ5, ಟಿಎಕ್ಸ್ ಹೊತ್ತಿಗೆ. ಆದರೆ ನಿಮಗೆ ನನಗಿಲ್ಲದ ಒಂದು ಅನುಕೂಲವಿದೆ: ಎಂ105 ನಡೆಯುವುದು ಎರಡು ಎಎಎ ಸೆಲ್‌ಗಳಲ್ಲಿ, ಅವು ನಾಪೋಕ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತವೆ. ಹಳೆಯ ಸೆಲ್ ತೆಗೆದು ಹೊಸದನ್ನು ಒಂದು ನಿಮಿಷದೊಳಗೆ ಹಾಕಬೇಕು, ತಡವಾದರೆ ಒಳಗಿನದು ಹೋಗುತ್ತದೆ. ಆದ್ದರಿಂದ ಹೊಸ ಸೆಲ್‌ಗಳನ್ನು ಮೊದಲೇ ಬಿಚ್ಚಿಟ್ಟುಕೊಂಡು ಕುಳಿತುಕೊಳ್ಳಿ. ಬ್ಯಾಟರಿ ಸೂಚಕ ಅರ್ಧಕ್ಕೆ ಇಳಿದಾಗಲೇ ಬದಲಿಸಿ. ಬಹುಕಾಲ ಬಳಸದಿದ್ದರೆ ಬರೆದದ್ದನ್ನು ಮೊದಲು ಬೇರೆಡೆ ಇಳಿಸಿಕೊಂಡು ಸೆಲ್‌ಗಳನ್ನು ತೆಗೆದಿಡಿ; ತೆಗೆದರೆ ಒಳಗಿನದು ಅಳಿಯುತ್ತದೆ, ಬಿಟ್ಟು ಅವು ಸೋರಿದರೆ ಲೋಹದ ಪಟ್ಟಿಗಳನ್ನು ತಿಂದುಬಿಡುತ್ತವೆ. ಅಜ್ಜನ ಕಪಾಟಿನಲ್ಲಿ ಇಷ್ಟು ವರ್ಷ ಇದ್ದದ್ದರಿಂದ ಮೊದಲು ಆ ಮುಚ್ಚಳ ತೆಗೆದು ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯೇ ನೋಡಿ.

ಕಂಪ್ಯೂಟರಿಗೆ ಜೋಡಿಸುವುದು ಸ್ವಲ್ಪ ಕಷ್ಟ. ಎಂ105ರ ವಯರ್ ಹಳೆಯ ಸೀರಿಯಲ್ ಬಗೆಯದು, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ರಂಧ್ರವೇ ಇಲ್ಲ. ಸೀರಿಯಲ್‌ನಿಂದ ಯುಎಸ್‌ಬಿಗೆ ಬದಲಿಸುವ ವಯರ್ ಕೊಳ್ಳಿ, ಲಿನಕ್ಸ್‌ನಲ್ಲಿ ಜೆ-ಪೈಲಟ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಇದು ಸಾಧ್ಯವಾಗದಿದ್ದರೆ ಅದರಲ್ಲಿ ಕಳೆದುಕೊಳ್ಳಲಾಗದ ಯಾವುದನ್ನೂ ಬರೆಯಬೇಡಿ. ಅದರ ದಿನಚರಿ 2031ರ ಕೊನೆಯವರೆಗೆ ಮಾತ್ರ ಓಡುತ್ತದೆ ಎಂಬುದೂ ಗಮನದಲ್ಲಿರಲಿ.