ಟೈಮ್ ಲಿಮಿಟ್ ಹಾಕುವ ಮೊದಲು ಅಕೌಂಟ್ ಸರಿ ಮಾಡಿ

10 ಮತ್ತು 13 ವರ್ಷದ ಇಬ್ಬರು ಮಕ್ಕಳು, ಮನೆಗೆಲ್ಲ ಒಂದೇ ವಿಂಡೋಸ್ ಕಂಪ್ಯೂಟರ್, ದಿನಕ್ಕೆ 2 ಗಂಟೆ ಆದ ಮೇಲೆ ಅದು ತಾನಾಗೇ ನಿಲ್ಲಬೇಕು ಅಂತ ಕೇಳಿದ್ದೀರಿ. ಆಗುತ್ತದೆ, ದುಡ್ಡೂ ಕೊಡಬೇಕಿಲ್ಲ. ಆದರೆ ಮೊದಲು ಹೇಳಿ, ಮಕ್ಕಳು ಈಗ ಯಾರ ಅಕೌಂಟ್‌ನಲ್ಲಿ ಆಡುತ್ತಾರೆ? ನಿಮ್ಮದರಲ್ಲೇ ಅಂದರೆ ಏನು ಹಾಕಿದರೂ ಸುಮ್ನೆ.

ನಾನು ಮಾಡಿದ್ದು ಅದೇ ತಪ್ಪು. ಟೈಮ್ ಲಿಮಿಟ್‌ಗೆ ಅಂತ ಒಂದು ಚಿಕ್ಕ ಪ್ರೋಗ್ರಾಂ ಹಾಕಿ ಬೀಗುತ್ತಿದ್ದೆ. ಒಂದು ರಾತ್ರಿ ಏನೋ ಕೆಲಸಕ್ಕೆ ಕೂತರೆ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಎಲ್ಲದಕ್ಕೂ ಸರ್ಟಿಫಿಕೇಟ್ ಎರರ್. ತಲೆ ಕೆರೆದುಕೊಂಡು ಕೊನೆಗೆ ಪರದೆಯ ಮೂಲೆ ನೋಡಿದೆ. ಹೊರಗೆ ಕತ್ತಲು, ಅಲ್ಲಿ ಮಧ್ಯಾಹ್ನ 3:40. ತಾರೀಕು ಹೋದ ವರ್ಷದ್ದು! 11 ವರ್ಷದ ಮಗ ಗಡಿಯಾರ ಹಿಂದಕ್ಕೆ ತಿರುಗಿಸಿ ಆಡುತ್ತಿದ್ದ, ಆವತ್ತು ಆತುರದಲ್ಲಿ ವರ್ಷವನ್ನೂ ತಿರುಗಿಸಿಬಿಟ್ಟಿದ್ದ. ವೆಬ್‌ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್‌ಗೆ ತಾರೀಕು ಹೊಂದದೆ ಆ ಎರರ್ ಬರುತ್ತಿತ್ತು. ಬೈಯಲು ಹೋಗಿ ನಕ್ಕುಬಿಟ್ಟೆ.

ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿ, ಸ್ಟ್ಯಾಂಡರ್ಡ್ ಯೂಸರ್ (ಮುಖ್ಯ ಸೆಟ್ಟಿಂಗ್ ಮುಟ್ಟಲಾಗದ ಸಾಮಾನ್ಯ ಅಕೌಂಟ್) ಅಂತಲೇ ಇಡಿ. ಎಲ್ಲವನ್ನೂ ಬದಲಾಯಿಸಬಲ್ಲ ಅಡ್ಮಿನ್ ಅಕೌಂಟ್ ನಿಮ್ಮದೊಂದೇ ಇರಲಿ, ಅದಕ್ಕೆ ಪಾಸ್‌ವರ್ಡ್ ಹಾಕಿ. ಸ್ಟ್ಯಾಂಡರ್ಡ್ ಅಕೌಂಟ್‌ನಿಂದ ಗಡಿಯಾರ ಬದಲಾಯಿಸಲು ಬರುವುದಿಲ್ಲ. ಆಮೇಲೆ ಮಕ್ಕಳ ಬಳಕೆಗೆ ಮಿತಿ ಹಾಕುವ ಸೇವೆಯಾದ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿಗೆ ಇಬ್ಬರನ್ನೂ ಸೇರಿಸಿ. ಅದರಲ್ಲಿ ಒಟ್ಟು ಎಷ್ಟು ಹೊತ್ತು, ಎಷ್ಟರಿಂದ ಎಷ್ಟು ಗಂಟೆಯೊಳಗೆ ಅಂತ ಎರಡನ್ನೂ ದಿನದಿನಕ್ಕೆ ಬೇರೆ ಬೇರೆ ಇಡಬಹುದು. ಸಂಜೆ 5ರಿಂದ 8ರೊಳಗೆ 2 ಗಂಟೆ ಅನ್ನುವ ಹಾಗೆ. ಸಮಯ ಮುಗಿದರೆ ಮಗು ಇನ್ನಷ್ಟು ಕೇಳಬಹುದು, ನೀವು ಫೋನ್‌ನಲ್ಲೇ ಹೂಂ ಅಥವಾ ಊಹೂಂ ಅನ್ನಬಹುದು.

ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ನೆಟ್ ಯೂಸರ್ ಅನ್ನುವ ಆಜ್ಞೆ ಬಳಸಿ ಲಾಗಿನ್ ಹೊತ್ತು ನಿಗದಿ ಮಾಡಿ ಅಂತ ಯಾರಾದರೂ ಹೇಳಬಹುದು. ಅದು ಆ ಹೊತ್ತಿನ ಆಚೆ ಲಾಗಿನ್ ಆಗದಂತೆ ತಡೆಯುತ್ತದೆ ಅಷ್ಟೇ. ಆಗಲೇ ಒಳಗೆ ಕೂತವರನ್ನು ಎಬ್ಬಿಸುವುದಿಲ್ಲ. ರೂಟರ್‌ನಲ್ಲಿ ಇಂಟರ್ನೆಟ್ ಬಂದ್ ಮಾಡಿದರೂ ಅಷ್ಟೇ, ಇಂಟರ್ನೆಟ್ ಬೇಡದ ಗೇಮ್ ನಡೆಯುತ್ತಲೇ ಇರುತ್ತದೆ. ದೊಡ್ಡವಳು ಪೆನ್‌ಡ್ರೈವ್‌ನಿಂದ ಬೇರೆ ಸಿಸ್ಟಂ ಬೂಟ್ ಮಾಡುವಷ್ಟು ಚುರುಕಾಗಿದ್ದರೆ ಬಯೋಸ್‌ಗೂ (ವಿಂಡೋಸ್‌ಗಿಂತ ಮೊದಲು ಓಡುವ, ಯಾವುದರಿಂದ ಬೂಟ್ ಆಗಬೇಕು ಅಂತ ನೋಡಿಕೊಳ್ಳುವ ಪ್ರೋಗ್ರಾಂ) ಪಾಸ್‌ವರ್ಡ್ ಬೇಕಾಗುತ್ತದೆ.

ಈಗ ಆ 2 ಗಂಟೆಯ ಮಾತು. ಒಟ್ಟು ಸಮಯದ ಲಿಮಿಟ್ ಇಟ್ಟರೆ ಹೋಂವರ್ಕ್ ಮಾಡಿದ್ದೂ ಅದರಲ್ಲೇ ಸೇರುತ್ತದೆ. ನಮ್ಮಲ್ಲಿ ಪ್ರಾಜೆಕ್ಟ್ ಅರ್ಧಕ್ಕೆ ನಿಂತು ದೊಡ್ಡ ರಂಪವೇ ಆಯಿತು. ಅದಕ್ಕೆ ಈಗ ಒಟ್ಟು ಸಮಯ ಸಡಿಲ ಬಿಟ್ಟು, ಗೇಮ್‌ಗಳಿಗೆ ಮಾತ್ರ ಆ್ಯಪ್ ಲಿಮಿಟ್ ಹಾಕಿದ್ದೇನೆ. ಇದೇ ವಾಸಿ. ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2016ರಲ್ಲಿ ದೊಡ್ಡ ಮಕ್ಕಳಿಗೆ 2 ಗಂಟೆ ಅನ್ನುವ ಲೆಕ್ಕ ಬಿಟ್ಟಿತು. ನಿದ್ದೆ, ಓಡಾಟ ಕಮ್ಮಿ ಆಗದಂತೆ ಮನೆಯವರೇ ಮಿತಿ ಹಾಕಿಕೊಳ್ಳಲಿ ಅಂದಿತು.

ಇನ್ನೊಂದು, ಆಟದ ಮಧ್ಯೆ ಪರದೆ ಮುಚ್ಚಿಕೊಂಡರೆ ಸೇವ್ ಆಗದೆ ಹೋಗುತ್ತದೆ, ಜೊತೆಗೆ ಆಡುವವರ ಹತ್ತಿರ ಮಾತು ಕೇಳಬೇಕಾಗುತ್ತದೆ. ಆ ಕೋಪ ನ್ಯಾಯವಾದದ್ದೇ ಅಲ್ವಾ? ಲಿಮಿಟ್ ಮುಗಿಯಲು ಕಾಲು ಗಂಟೆ ಇದ್ದಾಗ ನಾನೇ ಹೋಗಿ, "ಹೊಸ ಮ್ಯಾಚ್ ಶುರು ಮಾಡಬೇಡ ಕಣೋ" ಅನ್ನುತ್ತೇನೆ. ಅಲ್ಲಿಂದ ಜಗಳ ಅರ್ಧಕ್ಕರ್ಧ ಇಳಿದಿದೆ.

ಹಾಂ, ಅಡ್ಮಿನ್ ಪಾಸ್‌ವರ್ಡ್ ಟೈಪ್ ಮಾಡುವಾಗ ಹಿಂದೆ ಯಾರು ನಿಂತಿದ್ದಾರೆ ನೋಡಿಕೊಳ್ಳಿ. ನನ್ನದು ಎರಡು ಸಲ ಬದಲಾಯಿಸಿ ಆಯಿತು.