ಸರ್ಟಿಫಿಕೇಟ್ ಬಂತು, ರಿಜೆಕ್ಷನ್ ಹೋಗಲಿಲ್ಲ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಒಂಬತ್ತು ಸಿಎನ್‌ಸಿ ಲೇತು, 38 ಜನ. ಕಸ್ಟಮರ್ ಹೇಳಿದರು ಅಂತ ಇಬ್ಬರು ಸೂಪರ್‌ವೈಸರ್‌ಗಳನ್ನು ಐದು ದಿನದ ಸ್ಟಾಟಿಸ್ಟಿಕ್ಸ್ ಟ್ರೇನಿಂಗಿಗೆ ಕಳಿಸಿದೆ. ಹೋಟೆಲ್ ಹಾಲು, ಊಟ, ಗ್ರೂಪ್ ಫೋಟೋ, ಸರ್ಟಿಫಿಕೇಟ್ ಎಲ್ಲಾ ಆಯಿತು. ನಾಲ್ಕು ತಿಂಗಳು ಕಳೆದರೂ ರಿಜೆಕ್ಷನ್ ಇದ್ದಲ್ಲೇ ಇದೆ. ನನ್ನ ದುಡ್ಡು ದಂಡವಾಯಿತಾ ಸರ್?
– ಹೆಸರು ಬೇಡ ಎಂದ ಓದುಗರು, ಬೆಂಗಳೂರು

ಉತ್ತರ: ದಂಡ ಅನ್ನುವ ಮೊದಲು ನನ್ನದೊಂದು ಪ್ರಶ್ನೆ. ಆ ಐದು ದಿನದಲ್ಲಿ ಅವರಿಬ್ಬರು ನಿಮ್ಮ ಶಾಪಿನ ಒಂದು ಜಾಬಿನ ಅಳತೆಯನ್ನಾದರೂ ಕೈಯಲ್ಲಿ ಹಿಡಿದು ಲೆಕ್ಕ ಹಾಕಿದರಾ? ಇಲ್ಲ ಅಂತಲೇ ನನ್ನ ಅಂದಾಜು. ಯಾವುದೋ ಊರಿನ ಯಾವುದೋ ಕಂಪನಿಯ ಅಂಕಿ, ಗಂಟೆ ಆಕಾರದ ಒಂದು ಗೆರೆ, ಎರಡು ಫಾರ್ಮುಲಾ, ಆಮೇಲೆ ಪರೀಕ್ಷೆ. ಸೋಮವಾರ ಬಂದು ನೋಡಿದರೆ ಡಿಸ್‌ಪ್ಯಾಚ್ ಅರ್ಜೆಂಟು. ಅಲ್ಲಿಗೆ ಮುಗಿಯಿತು.

ಮೊದಲು ಒಂದು ಕೆಲಸ ಮಾಡಿ. ಯಾವ ಮೆಷಿನಿನಲ್ಲಿ ರಿಜೆಕ್ಷನ್ ಜಾಸ್ತಿಯೋ ಅದರ ಪಕ್ಕ ಸುಮ್ನೆ ಒಂದು ಗಂಟೆ ನಿಂತುಕೊಳ್ಳಿ, ಬಾಯಿ ಬಿಡಬೇಡಿ. ಉದಾಹರಣೆಗೆ 25 ಮಿಮೀ ಶಾಫ್ಟ್ ಅಂದುಕೊಳ್ಳೋಣ, ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆದರೂ ಒಪ್ಪುವ ಮಿತಿ) 0.02 ಹೆಚ್ಚು, 0.02 ಕಡಿಮೆ. ಆಪರೇಟರ್ ಒಂದು ಪೀಸ್ ಅಳೆಯುತ್ತಾನೆ, 25.01 ಬರುತ್ತದೆ, ತಕ್ಷಣ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕೆಂದು ಮೆಷಿನಿಗೆ ಕೊಡುವ ಅಂಕಿ) ಒಂದು ಪಾಯಿಂಟ್ ಇಳಿಸುತ್ತಾನೆ. ಮುಂದಿನದು 24.99 ಬರುತ್ತದೆ, ಮತ್ತೆ ಏರಿಸುತ್ತಾನೆ. ಅವನ ಕಣ್ಣಿಗೆ ಇದು ಶ್ರದ್ಧೆ, ನಿಮ್ಮ ಕಣ್ಣಿಗೂ ಅಷ್ಟೇ. ಆದರೆ ಮೆಷಿನ್ ತನ್ನ ಪಾಡಿಗೆ ತಾನು ಸ್ವಲ್ಪ ಮೇಲೆ ಸ್ವಲ್ಪ ಕೆಳಗೆ ಆಡುತ್ತಲೇ ಇರುತ್ತದೆ. ಒಂದೊಂದು ದೋಸೆ ಒಂದೊಂದು ಬಣ್ಣ ಬಂತು ಅಂತ ಪ್ರತಿ ದೋಸೆಗೂ ಗ್ಯಾಸ್ ಏರಿಸಿ ಇಳಿಸಿ ಮಾಡಿದರೆ ಏನಾಗುತ್ತದೆ ಅಂತ ಮನೆಯಲ್ಲಿ ಕೇಳಿ ನೋಡಿ! ಲೆಕ್ಕದಲ್ಲೂ ಅದೇ ಬರುತ್ತದೆ: ಮೆಷಿನ್ ತನ್ನ ಸಹಜ ಏರಿಳಿತದಲ್ಲಿ ಇರುವಾಗ ಪ್ರತಿ ಪೀಸಿಗೂ ಹೀಗೆ ಸರಿಪಡಿಸುತ್ತಾ ಹೋದರೆ ಅಳತೆಯ ಹರಡುವಿಕೆ ಸುಮಾರು ಶೇ 40 ಹೆಚ್ಚುತ್ತದೆ, ಕಡಿಮೆ ಆಗುವುದಿಲ್ಲ.

ಇದನ್ನು ಹಿಡಿಯಲಿಕ್ಕೇ ಕಂಟ್ರೋಲ್ ಚಾರ್ಟ್ ಇರುವುದು: ಅಳತೆಗಳನ್ನು ಬಂದ ಕ್ರಮದಲ್ಲಿ ಚುಕ್ಕಿ ಹಾಕಿ, ಮೇಲೊಂದು ಕೆಳಗೊಂದು ಗೆರೆ ಎಳೆದ ಚಿತ್ರ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಬರೆದ, ಅದರಲ್ಲೇ ಇದರ ಮೊದಲ ಚಿತ್ರ ಇತ್ತು. ನೂರು ವರ್ಷದ ಹಿಂದಿನ ವಿದ್ಯೆ, ಕಂಪ್ಯೂಟರ್ ಬೇಕಾಗಿಲ್ಲ. ಆಫ್‌ಸೆಟ್ ಮುಟ್ಟದೆ 25 ಪೀಸ್ ಓಡಿಸಿ, ಅಳತೆಗಳನ್ನು ಬಂದ ಕ್ರಮದಲ್ಲೇ ಬರೆಯಿರಿ. ಸರಾಸರಿ ತೆಗೆಯಿರಿ. ಒಂದಕ್ಕೂ ಅದರ ಪಕ್ಕದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದು (ಮೈನಸ್ ಬಿಟ್ಟುಬಿಡಿ) ಅದರ ಸರಾಸರಿಯನ್ನೂ ತೆಗೆಯಿರಿ. ಆ ಎರಡನೇ ಸರಾಸರಿಯನ್ನು 2.66ರಿಂದ ಗುಣಿಸಿ, ಮೊದಲನೆಯದಕ್ಕೆ ಕೂಡಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಸರಾಸರಿ 25.002, ವ್ಯತ್ಯಾಸ 0.004 ಬಂತು ಅನ್ನಿ, ಗೆರೆಗಳು 25.013 ಮತ್ತು 24.991ರಲ್ಲಿ ಬೀಳುತ್ತವೆ. ಇದರೊಳಗೆ ಎಲ್ಲೆಂದರಲ್ಲಿ ಆಡುತ್ತಿದ್ದರೆ ಮೆಷಿನನ್ನು ಅದರ ಪಾಡಿಗೆ ಬಿಡಿ. ಹೊರಗೆ ಹೋದರೆ ನಿಲ್ಲಿಸಿ, ಏನಾಯಿತು ಅಂತ ಹುಡುಕಿ. ಒಂದೇ ಕಡೆಗೆ ಮೆಲ್ಲಗೆ ಏರುತ್ತಾ ಹೋದರೆ ಬಹುಶಃ ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ತುದಿ) ಸವೆಯುತ್ತಿದೆ, ಆಗ ಆಫ್‌ಸೆಟ್ ಮುಟ್ಟುವುದು ಸರಿಯೇ.

ಆದರೆ ಅದಕ್ಕೂ ಮುಂಚೆ ಮೈಕ್ರೋಮೀಟರ್ ನೋಡಿ. ಒಟ್ಟು ಟಾಲರೆನ್ಸ್ 0.04 ಇರುವಾಗ 0.01ರ ತನಕ ಮಾತ್ರ ಓದುವ ಮೈಕ್ರೋಮೀಟರ್ ಇಟ್ಟುಕೊಂಡು ಚಾರ್ಟ್ ಹಾಕಿದರೆ ಮೆಟ್ಟಿಲು ಬರುತ್ತದೆ, ಚಿತ್ರ ಬರಲ್ಲ. ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನಾದರೂ ಓದುವಂಥದ್ದು ಬೇಕು, ಅಂದರೆ ನಿಮಗೆ 0.001ರದ್ದು. ಹತ್ತು ಪೀಸಿಗೆ ನಂಬರ್ ಹಾಕಿ ಇಬ್ಬರು ಆಪರೇಟರ್‌ಗಳ ಕೈಲಿ ಬೇರೆ ಬೇರೆ ಅಳೆಸಿ. ಎಷ್ಟೋ ಶಾಪುಗಳಲ್ಲಿ ನಾನು ನೋಡಿದ್ದೇನೆ, ಮೆಷಿನ್ ಜಗಳ ಅಂದುಕೊಂಡಿದ್ದು ಅಳೆಯುವವರ ಜಗಳ ಆಗಿರುತ್ತದೆ. ಫಸ್ಟ್ ಶಿಫ್ಟಿನವನು ಬಿಗಿಯಾಗಿ ತಿರುಗಿಸುತ್ತಾನೆ, ಸೆಕೆಂಡ್ ಶಿಫ್ಟಿನವನು ಮೆತ್ತಗೆ.

ಇನ್ನು ಟ್ರೇನಿಂಗ್ ವಿಷಯ. ಹೋಟೆಲ್ ಬೇಡ. ಶನಿವಾರ ಎರಡು ಗಂಟೆ, ಒಂದೇ ಮೆಷಿನ್, ಅದರ ಪಕ್ಕದಲ್ಲೇ ಒಂದು ಬೋರ್ಡ್, ಎಂಟು ವಾರ. ಮೊದಲ ವಾರ ನೀವು ಕೂರಬೇಕು. ಹೌದು, ಮಾಲೀಕರೇ, ನೀವು! ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದಲ್ಲಿ ಸಾವಿರಾರು ಎಂಜಿನಿಯರುಗಳಿಗೆ ಈ ವಿದ್ಯೆ ಕಲಿಸಿದರು, ಯುದ್ಧ ಮುಗಿದ ಮೇಲೆ ಹೆಚ್ಚಿನ ಕಂಪನಿಗಳಲ್ಲಿ ಅದು ಆರಿಹೋಯಿತು. ಮೇಲೆ ಕೂತವರಿಗೆ ಕಲಿಸದೆ ಬಿಟ್ಟದ್ದೇ ಕಾರಣ ಅಂತ ಅಲ್ಲಿನ ಕ್ವಾಲಿಟಿ ತಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಹೇಳುತ್ತಿದ್ದರು. ಅದಕ್ಕೇ 1950ರಲ್ಲಿ ಜಪಾನಿಗೆ ಹೋದಾಗ ಎಂಜಿನಿಯರುಗಳ ಜೊತೆ ಕಂಪನಿಗಳ ಮುಖ್ಯಸ್ಥರನ್ನೂ ಕೂರಿಸಿಕೊಂಡು ಪಾಠ ಮಾಡಿದರು. ನಿಮ್ಮ ಸೂಪರ್‌ವೈಸರ್ ಚಾರ್ಟ್ ನೋಡಿ ಮೆಷಿನ್ ನಿಲ್ಲಿಸಿದಾಗ ನೀವು ಬಂದು 'ಯಾಕಪ್ಪಾ ನಿಲ್ಲಿಸಿದೆ' ಅಂತ ಗದರಿದರೆ ಅವತ್ತೇ ಆ ಚಾರ್ಟ್ ಸತ್ತಿತು.

ಪ್ರಶ್ನೆ: ನಾನು ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ನಮ್ಮ ಲೈನಿನ ಹೆಣ್ಣುಮಕ್ಕಳು ಏಳನೇ ಕ್ಲಾಸು, ಹತ್ತನೇ ಕ್ಲಾಸು ಓದಿದವರು. ಇವರಿಗೆ ಸ್ಟಾಟಿಸ್ಟಿಕ್ಸ್ ಅಂದರೆ ನಗುವುದಿಲ್ಲವಾ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಆ ಹೆಸರು ಹೇಳಿದರೆ ನಗುತ್ತಾರೆ, ಹೇಳಬೇಡಿ. ಇಪ್ಪತ್ತು ಜನರ ಚೀಟಿ ನಡೆಸುವ ಹೆಂಗಸಿಗೆ ಲೆಕ್ಕ ಬರಲ್ಲ ಅನ್ನುವ ಧೈರ್ಯ ನನಗಂತೂ ಇಲ್ಲಮ್ಮ. ಒಂದು ಹಾಳೆಯಲ್ಲಿ ಸ್ಕಿಪ್ ಸ್ಟಿಚ್, ಎಣ್ಣೆ ಕಲೆ, ಸುಕ್ಕು, ದಾರ ಕತ್ತರಿಸದೆ ಬಿಟ್ಟದ್ದು ಅಂತ ಸಾಲು ಹಾಕಿ. ಗಂಟೆಗೊಂದು ಕಾಲಂ. ಡಿಫೆಕ್ಟ್ ಸಿಕ್ಕಾಗ ಒಂದು ಗೀಟು, ಐದನೆಯದು ಅಡ್ಡಗೀಟು. ವಾರ ಕಳೆದ ಮೇಲೆ ಜಾಸ್ತಿ ಇರುವುದನ್ನು ಮೇಲೆ ಬರೆದು ಇಳಿಕೆ ಕ್ರಮದಲ್ಲಿ ಜೋಡಿಸಿ. ಇದಕ್ಕೆ ಪರೇಟೊ ಅಂತ ಹೆಸರು. ಸಾಮಾನ್ಯವಾಗಿ ಎರಡು ಮೂರು ಸಾಲುಗಳೇ ಅರ್ಧಕ್ಕಿಂತ ಹೆಚ್ಚು ತಿಂದಿರುತ್ತವೆ.

ಎಣ್ಣೆ ಕಲೆ ಬೆಳಿಗ್ಗೆಯ ಮೊದಲ ಗಂಟೆಯಲ್ಲೇ ಗುಂಪಾಗಿದ್ದರೆ ಹಿಂದಿನ ರಾತ್ರಿ ಮೆಷಿನಿಗೆ ಎಣ್ಣೆ ಹಾಕಿ ಒರೆಸದೆ ಹೋದರೇನೋ ಅಂತ ಅವರೇ ಹೇಳುತ್ತಾರೆ, ನೀವು ಹೇಳಬೇಕಾಗಿಲ್ಲ. ಜಪಾನಿನಲ್ಲಿ 1962ರಿಂದ ಕ್ವಾಲಿಟಿ ಸರ್ಕಲ್ (ಕೆಲಸಗಾರರೇ ಗುಂಪಾಗಿ ಕೂತು ತೊಂದರೆ ಬಿಡಿಸುವುದು) ಶುರುವಾದದ್ದೂ ಈ ನಂಬಿಕೆಯ ಮೇಲೆಯೇ. ಅಲ್ಲಿನ ಕ್ವಾಲಿಟಿ ತಜ್ಞ ಕವೊರು ಇಶಿಕಾವಾ ಅವರು ಶಾಪಿನ ಬಹುಪಾಲು ತೊಂದರೆಗಳಿಗೆ ಏಳು ಸರಳ ಸಾಧನಗಳು ಸಾಕು ಅನ್ನುತ್ತಿದ್ದರು. ಗೀಟು ಹಾಳೆ ಅದರಲ್ಲೊಂದು, ಪರೇಟೊ ಇನ್ನೊಂದು. ಒಂದೇ ಒಂದು ಎಚ್ಚರಿಕೆ: ಆ ಹಾಳೆಯಲ್ಲಿ ಯಾರ ಹೆಸರೂ ಬೇಡ. ಹೆಸರು ಬಂದ ದಿನ ಗೀಟು ಕಮ್ಮಿ ಆಗುತ್ತದೆ, ಡಿಫೆಕ್ಟ್ ಕಮ್ಮಿ ಆಗಲ್ಲ.

ಪ್ರಶ್ನೆ: ನಮ್ಮಲ್ಲಿ ಪ್ರತಿ ಸೋಮವಾರ ಆಪರೇಟರ್‌ಗಳ ಡಿಫೆಕ್ಟ್ ಲಿಸ್ಟ್ ಗೋಡೆಗೆ ಅಂಟಿಸುತ್ತಾರೆ. ಕೊನೆಯ ಮೂವರ ಹೆಸರು ಕೆಂಪಿನಲ್ಲಿ. ಒಂದು ವಾರ ನಾನು ಮೊದಲಿಗ, ಇನ್ನೊಂದು ವಾರ ಕೊನೆಯವನು. ನಾನು ಕೆಲಸ ಮಾಡುವ ರೀತಿ ಒಂದೇ!
– ಬೇಸತ್ತ ಆಪರೇಟರ್, ಹುಬ್ಬಳ್ಳಿ

ಉತ್ತರ: ನಿಮ್ಮ ಕಥೆಯನ್ನು ಡೆಮಿಂಗ್ ಮಣಿಗಳಲ್ಲಿ ಆಡಿ ತೋರಿಸುತ್ತಿದ್ದರು. ಒಂದು ಡಬ್ಬದಲ್ಲಿ 3,200 ಬಿಳಿ ಮಣಿ, 800 ಕೆಂಪು. 50 ಗುಳಿ ಇರುವ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು, ಕೆಂಪು ಬಂದರೆ ಡಿಫೆಕ್ಟ್. ಸರಾಸರಿ ಹತ್ತು ಕೆಂಪು ಬರುತ್ತವೆ, ಆದರೆ ಲೆಕ್ಕದ ಪ್ರಕಾರ 2ರಿಂದ 18ರ ತನಕ ಏನು ಬಂದರೂ ಅದು ಬರೀ ಅದೃಷ್ಟ. ಐದು ತಂದವನಿಗೆ ಶಹಬ್ಬಾಸ್, ಹದಿನೈದು ತಂದವನಿಗೆ ಬೈಗುಳ, ಮಾರನೇ ದಿನ ಇಬ್ಬರದೂ ಅದಲು ಬದಲು. ಡಬ್ಬದೊಳಗಿನ ಕೆಂಪು ಕಮ್ಮಿ ಮಾಡುವುದು ಹಲಗೆ ಹಿಡಿದವನ ಕೈಲಿಲ್ಲ.

ನಿಮ್ಮ ಮ್ಯಾನೇಜರ್ ಹತ್ತಿರ ವಾದ ಮಾಡಬೇಡಿ. ಕಳೆದ ಇಪ್ಪತ್ತು ವಾರದ ಲಿಸ್ಟ್ ಒಟ್ಟು ಮಾಡಿ, ಎಲ್ಲರದನ್ನೂ ಒಂದೇ ಹಾಳೆಯಲ್ಲಿ ಚುಕ್ಕಿ ಹಾಕಿ ಕೊಡಿ. ಮೊದಲನೇ ಉತ್ತರದ ಗೆರೆಗಳನ್ನೇ ಎಳೆಯಬಹುದು. ಒಬ್ಬ ವಾರ ವಾರವೂ ಮಿಕ್ಕವರಿಗಿಂತ ಮೇಲೆಯೇ ನಿಂತಿದ್ದರೆ ಅವನಿಗೆ ಸಹಾಯ ಬೇಕು: ಕನ್ನಡಕವೋ, ಬೇರೆ ಫಿಕ್ಸ್ಚರೋ. ಉಳಿದವರದು ಡಬ್ಬದ ತೊಂದರೆ.

ಪ್ರಶ್ನೆ: ಬಿ.ಇ. ಆಗಿ ಎರಡು ವರ್ಷ. ಸಾಲ ಮಾಡಿಯಾದರೂ ಸಿಕ್ಸ್ ಸಿಗ್ಮಾ ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಮಾಡಲಾ?
– ಓದುಗರು, ತುಮಕೂರು

ಉತ್ತರ: ಸಾಲ ಮಾಡಿ ಬೇಡಪ್ಪ. ಸಿಕ್ಸ್ ಸಿಗ್ಮಾ ಅನ್ನುವ ತಪ್ಪು ಕಡಿಮೆ ಮಾಡುವ ಪದ್ಧತಿ 1986ರಲ್ಲಿ ಅಮೆರಿಕದ ಮೋಟೊರೋಲಾ ಕಂಪನಿಯಲ್ಲಿ ಶುರುವಾದದ್ದು, ಹತ್ತು ಲಕ್ಷಕ್ಕೆ 3.4 ತಪ್ಪು ಅನ್ನುವುದು ಅದರ ಗುರಿ. ಬೆಲ್ಟ್ ಕೊಡಲು ಎಲ್ಲರೂ ಒಪ್ಪಿದ ಒಂದೇ ಸಂಸ್ಥೆ ಅಂತ ಇಲ್ಲ, ಹಾಗಾಗಿ ಯಾರು ಬೇಕಾದರೂ ಕೊಡಬಹುದು, ಕೊಡುತ್ತಿದ್ದಾರೆ ಕೂಡ. ಕಲಿಯಲೇಬೇಕೆಂದರೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರ ಇದೆ, ಅಲ್ಲಿನ ಕ್ವಾಲಿಟಿ ವಿಭಾಗ ಉದ್ಯೋಗಿಗಳಿಗೆ ಕೋರ್ಸ್ ನಡೆಸುತ್ತದೆ, ವಿಚಾರಿಸಿ. (ಇದೇ ಸಂಸ್ಥೆಯಲ್ಲಿ ದಶಕಗಳ ಕಾಲ ಇದ್ದ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, ಗೊತ್ತಿತ್ತಾ?) ಅದಕ್ಕೆ ಮೊದಲು ನೀವು ಕೂತಿರುವ ಕೆಲಸದಲ್ಲೇ ಒಂದು ಅಳತೆ ಹಿಡಿದು ಮೂರು ತಿಂಗಳು ಚಾರ್ಟ್ ಹಾಕಿ. ಇಂಟರ್‌ವ್ಯೂನಲ್ಲಿ ನಾನು ಕೂತಾಗ ಕೇಳುತ್ತಿದ್ದದ್ದು ಆ ಹಾಳೆಯನ್ನೇ.